ಕೆರೆಯೂರಿನ ಮತ್ಸ್ಯಕನ್ಯೆ: ಮಕ್ಕಳು ಬಣ್ಣ ತುಂಬುವ ಚಿತ್ರಗಳು, ಜೊತೆಗೊಂದಿಷ್ಟು ಕಿವಿಮಾತು

2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಒಬ್ಬಳು ಮತ್ಸ್ಯಕನ್ಯೆ ಬಂದಿದ್ದಳು. ಆ ವರ್ಷದ ಮಳೆಗೆ ನಗರದ ರಸ್ತೆಗಳು ಕಿತ್ತುಹೋಗಿದ್ದವು. ಎಂ.ಜಿ. ರಸ್ತೆಗೆ ಹತ್ತಿರ, ಕಂಟೋನ್ಮೆಂಟ್ ಭಾಗದ ರಸ್ತೆಯೊಂದರಲ್ಲಿದ್ದ ಗುಂಡಿಯನ್ನು ಕಲಾವಿದ ಬಾದಲ್ ನಂಜುಂಡಸ್ವಾಮಿ ನೀಲಿ ಬಣ್ಣ ಹಾಕಿ ಪುಟ್ಟ ಕೊಳ ಮಾಡಿದರು. ನಟಿ ಸೋನು ಗೌಡ ಮೀನಿನ ಬಾಲದ ಉಡುಪು ತೊಟ್ಟು ಅಲ್ಲಿ ಕುಳಿತರು. ಗುಂಡಿ ಮುಚ್ಚಿ ಎಂದು ಕೇಳುವುದಕ್ಕೆ ಅವರು ಕಂಡುಕೊಂಡ ದಾರಿ ಅದು. ಇದೇ ಕಲಾವಿದರು 2015ರಲ್ಲಿ ಸುಲ್ತಾನಪಾಳ್ಯದ ರಸ್ತೆಗುಂಡಿಗೆ ಮೊಸಳೆಯೊಂದನ್ನು ಇಳಿಸಿದ್ದರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು. ಇಲ್ಲಿ ಕಡಲಿಲ್ಲ, ದೊಡ್ಡ ನದಿಯೂ ಇಲ್ಲ, ಇರುವುದು ಕೆರೆಗಳು. ಆದರೂ ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಯಾವುದೇ ಪುಸ್ತಕದಂಗಡಿಯಲ್ಲಿ ಮಕ್ಕಳ ಬಣ್ಣದ ಪುಸ್ತಕ ಕೇಳಿದರೆ ಮತ್ಸ್ಯಕನ್ಯೆ ರಾಜಕುಮಾರಿ ಒಂದಲ್ಲ ಒಂದು ಪುಟದಲ್ಲಿ ಸಿಗುತ್ತಾಳೆ. ಮಗು ಎಂದೂ ಕಾಣದ ಕಡಲಿಗೆ ಯಾವ ಬಣ್ಣ ಹಾಕಬೇಕು? ಮುಖಪುಟದಲ್ಲಿ ಅಚ್ಚಾಗಿರುವ ಬಣ್ಣವನ್ನೇ ನೋಡಿಕೊಂಡು ಹಾಕುವುದು ಸುಲಭದ ದಾರಿ. ತಾನು ಕಂಡ ನೀರು, ಕಂಡ ಮೀನು, ಕಂಡ ಮುಖಗಳ ಬಣ್ಣವನ್ನು ಹಾಳೆಯ ಮೇಲೆ ತರುವುದು ಇನ್ನೊಂದು ದಾರಿ. ಈ ಲೇಖನ ಎರಡನೆಯದರ ಪರವಾಗಿದೆ.

ಮತ್ಸ್ಯಕನ್ಯೆ ಯಾರು?

ಸೊಂಟದ ಮೇಲೆ ಹೆಣ್ಣು, ಕೆಳಗೆ ಮೀನು. ಇಂಥ ರೂಪ ಜಗತ್ತಿನ ಹಲವು ಕಡಲತೀರಗಳ ಕಥೆಗಳಲ್ಲಿದೆ. ಇವತ್ತಿನ ಬಣ್ಣದ ಪುಸ್ತಕಗಳ ರಾಜಕುಮಾರಿ ಮಾತ್ರ ಬಹುಮಟ್ಟಿಗೆ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆಯ ಮಗಳು. ಆ ಕಥೆಯನ್ನು ಆಧರಿಸಿ 1989ರಲ್ಲಿ ಡಿಸ್ನಿ ಚಲನಚಿತ್ರ ಬಂತು. ಕೆಂಪು ಕೂದಲು, ಹಸಿರು ಬಾಲದ ಏರಿಯಲ್ ಮಕ್ಕಳ ಮನಸ್ಸಿನಲ್ಲಿ ಅಚ್ಚಾಗಿ ಕುಳಿತದ್ದು ಆಗಲೇ. ಕೆಂಪು ಮತ್ತು ಹಸಿರು ವರ್ಣಚಕ್ರದಲ್ಲಿ ಎದುರುಬದುರು ಇರುವ ಬಣ್ಣಗಳು. ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ಎದ್ದು ಕಾಣುವಂತೆ ಮಾಡುತ್ತದೆ. ಆ ಜೋಡಿ ಕಣ್ಣಿಗೆ ಹಿಡಿಸಿದ್ದರಲ್ಲಿ ಈ ಸರಳ ಸಂಗತಿಯ ಪಾಲು ದೊಡ್ಡದು.

ನಮ್ಮ ಕಥೆಗಳಲ್ಲೂ ಮೀನಿನ ನಂಟಿನ ಹೆಣ್ಣುಮಕ್ಕಳಿದ್ದಾರೆ. ಮಹಾಭಾರತದ ಮತ್ಸ್ಯಗಂಧಿ ಮೀನಿನ ಹೊಟ್ಟೆಯಲ್ಲಿ ಹುಟ್ಟಿ, ದಾಶರಾಜನ ಮನೆಯಲ್ಲಿ ಬೆಳೆದು, ದೋಣಿ ನಡೆಸುತ್ತಿದ್ದವಳು. ಮುಂದೆ ಸತ್ಯವತಿಯಾಗಿ ಹಸ್ತಿನಾಪುರದ ರಾಣಿಯಾದಳು. ಅವಳಿಗೆ ಬಾಲವಿರಲಿಲ್ಲ, ನಿಜ. ಬಾಲವಿದ್ದ ರಾಜಕುಮಾರಿ ಬೇಕೆಂದರೆ ಥಾಯ್ಲೆಂಡಿನ ರಾಮಾಯಣವಾದ ರಾಮಕಿಯೆನ್‌ಗೆ ಹೋಗಬೇಕು. ಅಲ್ಲಿ ರಾವಣನ ಮಗಳು ಸುವರ್ಣಮಚ್ಛಾ, ಅಂದರೆ ಬಂಗಾರದ ಮೀನು. ಸೇತುವೆ ಕಟ್ಟುವುದನ್ನು ತಡೆಯಲು ಬಂದವಳು ಹನುಮಂತನಿಗೇ ಮನಸೋಲುತ್ತಾಳೆ. ಅವಳ ಚಿತ್ರವನ್ನು ಅಲ್ಲಿನ ಅಂಗಡಿಗಳಲ್ಲಿ ಅದೃಷ್ಟಕ್ಕೆಂದು ತೂಗುಹಾಕುತ್ತಾರೆ. ಹನುಮಂತನ ಕಥೆ ಗೊತ್ತಿರುವ ಮಗುವಿಗೆ ಇವಳ ಕಥೆ ಹೇಳಿ ನೋಡಿ, ಬಂಗಾರದ ಬಣ್ಣದ ಕ್ರೇಯಾನ್ ತಾನಾಗಿಯೇ ಕೈಗೆ ಬರುತ್ತದೆ.

ಇನ್ನೂ ಹತ್ತಿರದ ಬಂಧು ಮನೆಯ ಬೀದಿಯಲ್ಲೇ ಇದ್ದಾಳೆ. ಬೆಂಗಳೂರಿನ ಅಶ್ವತ್ಥಕಟ್ಟೆಗಳಲ್ಲಿ ಸಾಲಾಗಿ ನಿಂತ ನಾಗರಕಲ್ಲುಗಳನ್ನು ಗಮನಿಸಿ. ಹೆಣೆದುಕೊಂಡ ಎರಡು ಹಾವು, ಹೆಡೆ ಬಿಚ್ಚಿದ ನಾಗ, ಇವುಗಳ ನಡುವೆ ಸೊಂಟದವರೆಗೆ ಹೆಣ್ಣಾಗಿ ಅಲ್ಲಿಂದ ಕೆಳಗೆ ಹಾವಿನ ಸುರುಳಿಯಾಗಿರುವ ನಾಗಕನ್ನಿಕೆಯೂ ಹಲವೆಡೆ ಇರುತ್ತಾಳೆ. ಮನುಷ್ಯದೇಹ ಎಲ್ಲಿ ಮುಗಿದು ಪ್ರಾಣಿದೇಹ ಎಲ್ಲಿ ಶುರುವಾಗಬೇಕು ಎಂಬ ಪ್ರಶ್ನೆಯನ್ನು ಶಿಲ್ಪಿಗಳು ಸೊಂಟಕ್ಕೊಂದು ಪಟ್ಟಿ ಕೊಟ್ಟೋ, ಸುರುಳಿಯನ್ನು ಮೆಲ್ಲನೆ ತಿರುಗಿಸಿಯೋ ಬಗೆಹರಿಸಿದ್ದಾರೆ. ಮತ್ಸ್ಯಕನ್ಯೆ ಬರೆಯುವ ಮಗುವಿನ ಮುಂದಿರುವುದೂ ಅದೇ ಪ್ರಶ್ನೆ.

ಇನ್ನು ನಿಜವಾದ ಪ್ರಾಣಿಯ ಮಾತು. ನಾವಿಕರು ಮತ್ಸ್ಯಕನ್ಯೆ ಎಂದು ತಪ್ಪಾಗಿ ತಿಳಿದದ್ದು ಮ್ಯಾನಟಿ, ಡ್ಯುಗಾಂಗ್‌ಗಳನ್ನು ಎನ್ನುತ್ತಾರೆ. ಕಡಲ ಹಸು ಎಂದು ಕರೆಸಿಕೊಳ್ಳುವ ಡ್ಯುಗಾಂಗ್ ಕಡಲ ತಳದ ಹುಲ್ಲು ಮೇಯುವ ಸಾಧುಪ್ರಾಣಿ. ಇದರ ರಕ್ಷಣೆಗಾಗಿ ತಮಿಳುನಾಡು ಸರ್ಕಾರ 2022ರಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶ ಘೋಷಿಸಿತು. ರಾಜಕುಮಾರಿಯ ಪಕ್ಕದಲ್ಲೊಂದು ಬೂದುಬಣ್ಣದ ಡ್ಯುಗಾಂಗ್ ಬರೆದರೆ ಚಿತ್ರಕ್ಕೊಂದು ಜೊತೆಗಾರ ಸಿಕ್ಕಂತೆ.

ಬಣ್ಣ ತುಂಬುವ ಹಾಳೆಯ ಹಿನ್ನೆಲೆ

ಅಮೆರಿಕದ ಮೆಕ್‌ಲಾಫ್ಲಿನ್ ಬ್ರದರ್ಸ್ ಎಂಬ ಪ್ರಕಾಶಕರು 1880ರ ಸುಮಾರಿಗೆ ಮಕ್ಕಳಿಗಾಗಿ ಗೆರೆಚಿತ್ರಗಳ ಪುಸ್ತಕ ತಂದರು. ಆಗ ಅವಕ್ಕೆ ಬಣ್ಣ ಹಾಕುತ್ತಿದ್ದದ್ದು ಬ್ರಶ್ಶಿನಲ್ಲಿ. 1903ರಲ್ಲಿ ಎಂಟು ಬಣ್ಣಗಳ ಕ್ರಯೋಲಾ ಪೆಟ್ಟಿಗೆ ಐದು ಸೆಂಟಿಗೆ ಮಾರುಕಟ್ಟೆಗೆ ಬಂದ ಮೇಲೆ ಮೇಣದ ಬಣ್ಣ ಮಕ್ಕಳ ಕೈಸೇರಿತು. ನಮ್ಮಲ್ಲಿ ಮುಂಬೈನ ಕ್ಯಾಮ್ಲಿನ್ ಶುರುವಾದದ್ದು 1931ರಲ್ಲಿ; ಒಂಟೆಯ ಗುರುತಿನ ಬಣ್ಣದ ಡಬ್ಬಿ ಮುಟ್ಟದ ಮಧ್ಯಮವರ್ಗದ ಬಾಲ್ಯ ಇಲ್ಲಿ ಅಪರೂಪ.

ಈ ಹಾಳೆಗಳ ಬಗ್ಗೆ ತಕರಾರೂ ಹಳೆಯದು. ಮಕ್ಕಳ ಚಿತ್ರಕಲೆಯ ಬೆಳವಣಿಗೆಯನ್ನು ಹಂತಹಂತವಾಗಿ ವಿವರಿಸಿದ ವಿಕ್ಟರ್ ಲೋವೆನ್‌ಫೆಲ್ಡ್, 1947ರ ತಮ್ಮ ಪುಸ್ತಕದ ಕಾಲದಿಂದಲೂ ಇವನ್ನು ಬಲವಾಗಿ ವಿರೋಧಿಸಿದರು. ದೊಡ್ಡವರು ಬರೆದ ಅಚ್ಚುಕಟ್ಟಾದ ಗೆರೆ ನೋಡಿದ ಮಗು ತನಗೆ ಬರೆಯಲು ಬಾರದು ಎಂದುಕೊಳ್ಳುತ್ತದೆ ಎಂಬುದು ಅವರ ಆತಂಕ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಬಣ್ಣ ತುಂಬುವುದರಿಂದ ಬೆರಳುಗಳಿಗೆ ಹಿಡಿತ ಬರುತ್ತದೆ, ಒಂದೆಡೆ ಕುಳಿತು ಕೆಲಸ ಮುಗಿಸುವ ರೂಢಿ ಬೆಳೆಯುತ್ತದೆ, ಬಣ್ಣಗಳನ್ನು ಹೋಲಿಸುವ ಕಣ್ಣು ತೆರೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಗೆರೆಹಾಳೆ ಊಟದ ಜೊತೆಯ ಉಪ್ಪಿನಕಾಯಿಯಂತಿರಬೇಕು. ಖಾಲಿ ಹಾಳೆಯೇ ಊಟ.

ಹಾಳೆ ಆರಿಸುವಾಗ ವಯಸ್ಸು ನೋಡಿ. ಮೂರು, ನಾಲ್ಕು ವರ್ಷದವರಿಗೆ ಪುಟದ ತುಂಬ ಒಂದೇ ಆಕೃತಿ, ದಪ್ಪ ಗೆರೆ, ದೊಡ್ಡ ದೊಡ್ಡ ಜಾಗ ಇರಲಿ. ಗೆರೆ ದಾಟಿದರೆ ದಾಟಲಿ. ಆ ವಯಸ್ಸಿನ ತೋಳು ಆಡುವುದೇ ಹಾಗೆ. ಆರು, ಏಳರ ಹೊತ್ತಿಗೆ ಕಿರೀಟ, ಚಿಪ್ಪು, ಹವಳ, ಪುಟ್ಟ ಮೀನುಗಳಿರುವ ಚಿತ್ರ ಹಿಡಿಸುತ್ತದೆ. ಹತ್ತು ದಾಟಿದವರು ಬಾಲದ ಒಂದೊಂದು ಹುರುಪೆಯನ್ನೂ ಬೇರೆ ಬೇರೆ ಛಾಯೆಯಲ್ಲಿ ತುಂಬುವಷ್ಟು ತಾಳ್ಮೆ ತೋರುತ್ತಾರೆ.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವವರಿಗೆ ಒಂದು ಮಾತು. ಸಾಮಾನ್ಯ ಕಾಪಿ ಪೇಪರ್ 70ರಿಂದ 80 ಜಿಎಸ್‌ಎಂ ತೂಕದ್ದು. ಕ್ರೇಯಾನ್, ಕಲರ್ ಪೆನ್ಸಿಲ್‌ಗೆ ಅದು ಸಾಕು. ನೀರಿನ ಬಣ್ಣ ಹಾಕಿದರೆ ಸುಕ್ಕಾಗುತ್ತದೆ, ಸ್ಕೆಚ್ ಪೆನ್ ಹಿಂಬದಿಗೆ ಇಳಿಯುತ್ತದೆ. ದಪ್ಪ ಡ್ರಾಯಿಂಗ್ ಶೀಟನ್ನು ಎ4 ಅಳತೆಗೆ ಕತ್ತರಿಸಿಕೊಂಡು ಹೋಗಿ ಅದರ ಮೇಲೇ ಹಾಕಿಕೊಡುವಿರಾ ಎಂದು ಕೇಳಬಹುದು.

ಬಾಲ: ರಸೆಲ್ ಮಾರುಕಟ್ಟೆಯಲ್ಲೊಂದು ಬೆಳಗು

ಮತ್ಸ್ಯಕನ್ಯೆಯ ಚಿತ್ರದಲ್ಲಿ ಮಕ್ಕಳಿಗೆ ಅತಿ ಪ್ರೀತಿಯ ಭಾಗ ಬಾಲ. ಅದನ್ನು ಕಲಿಯಲು ಶಿವಾಜಿನಗರಕ್ಕಿಂತ ಒಳ್ಳೆಯ ಶಾಲೆ ಈ ಭಾಗದಲ್ಲಿಲ್ಲ. 1927ರಲ್ಲಿ ಕಟ್ಟಿ, 1933ರಲ್ಲಿ ಉದ್ಘಾಟನೆಯಾದ ರಸೆಲ್ ಮಾರುಕಟ್ಟೆಯ ಮೀನಂಗಡಿಗಳಿಗೆ ಬೆಳಿಗ್ಗೆ ಮಗುವನ್ನು ಕರೆದುಕೊಂಡು ಹೋಗಿ. ವಾಸನೆಗೆ ಮೂಗು ಮುಚ್ಚಿದರೂ ಕಣ್ಣು ಮುಚ್ಚುವುದಿಲ್ಲ.

ಬಂಗುಡೆಯನ್ನು ನೋಡಿ. ಬೆನ್ನು ನೀಲಿಹಸಿರು, ಅದರ ಮೇಲೆ ಕಪ್ಪು ಗೆರೆ, ಚುಕ್ಕೆ, ಹೊಟ್ಟೆ ಬೆಳ್ಳಿ. ಹೀಗಿರುವುದಕ್ಕೆ ಕಾರಣವಿದೆ. ಮೇಲಿನಿಂದ ನೋಡುವ ಹಕ್ಕಿಗೆ ಗಾಢ ಬಣ್ಣದ ಬೆನ್ನು ಆಳದ ನೀರಿನೊಳಗೆ ಕರಗಿಹೋಗುತ್ತದೆ. ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಬಿಳಿ ಹೊಟ್ಟೆ ಆಕಾಶದ ಬೆಳಕಿನೊಂದಿಗೆ ಬೆರೆತುಹೋಗುತ್ತದೆ. ಮತ್ಸ್ಯಕನ್ಯೆಯ ಬಾಲಕ್ಕೂ ಇದನ್ನೇ ಅನುಸರಿಸಿ: ಒಂದು ಅಂಚಿಗೆ ಗಾಢ ಬಣ್ಣ, ನಡುವೆ ತಿಳಿ, ಇನ್ನೊಂದು ಅಂಚಿಗೆ ಬಹುತೇಕ ಖಾಲಿ ಬಿಳಿ. ಅಷ್ಟಕ್ಕೇ ಬಾಲ ಚಪ್ಪಟೆ ಪಟ್ಟಿಯಾಗಿರುವುದು ಹೋಗಿ ಗುಂಡಗೆ ತುಂಬಿಕೊಂಡು ಕಾಣುತ್ತದೆ. ಪಕ್ಕದ ಬುಟ್ಟಿಯಲ್ಲಿ ನಸುಗೆಂಪಿನ ರಾಣಿ ಮೀನು ಸಿಕ್ಕರೆ ಅದನ್ನೂ ನೋಡಿ. ರಾಜಕುಮಾರಿಗೆ ಗುಲಾಬಿ ಬಾಲವೇ ಬೇಕೆಂದು ಹಟ ಹಿಡಿಯುವ ಮಗುವಿಗೆ ಒಳ್ಳೆಯ ಮಾದರಿ ಅದು. ಮೈ ಗುಲಾಬಿ, ಉದ್ದಕ್ಕೂ ತೆಳುವಾದ ಹಳದಿ ಗೆರೆಗಳು.

ಮೀನಿನ ಬೆಳ್ಳಿಹೊಳಪು ಬಣ್ಣದ್ದಲ್ಲ. ಚರ್ಮದೊಳಗಿನ ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳು ಕನ್ನಡಿಯಂತೆ ಬೆಳಕನ್ನು ಹಿಂತಿರುಗಿಸುತ್ತವೆ. ಹಾಗಾಗಿ ಬೂದು ಕ್ರೇಯಾನ್ ಉಜ್ಜಿದರೆ ಬೆಳ್ಳಿ ಬರುವುದಿಲ್ಲ. ಹೊಳಪು ಬೇಕಾದ ಜಾಗವನ್ನು ಬಿಳಿಯಾಗಿಯೇ ಬಿಟ್ಟು, ಅದರ ಪಕ್ಕಕ್ಕೇ ಗಾಢ ಬಣ್ಣ ಹಾಕಬೇಕು. ಬಿಳಿ ಹಾಳೆಯೇ ಹೊಳೆಯತೊಡಗುತ್ತದೆ. ಮಕ್ಕಳು ಇದನ್ನು ಒಮ್ಮೆ ಮಾಡಿ ನೋಡಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಹುರುಪೆ ಬರೆಯುವ ಕ್ರಮ ಹಂಚಿನ ಮಾಡಿನ ಕ್ರಮವೇ. ಮೊದಲ ಸಾಲಿನ ಎರಡು ಹಂಚುಗಳ ಸಂದಿನ ಮೇಲೆ ಮುಂದಿನ ಸಾಲಿನ ಹಂಚು ಕೂರಬೇಕು. ಕುಕ್ ಟೌನ್, ರಿಚರ್ಡ್ಸ್ ಟೌನ್ ಕಡೆ ಉಳಿದಿರುವ ಹಳೆಯ ಬಂಗಲೆಗಳ ಮಾಡನ್ನು ತೋರಿಸಿದರೆ ಬಾಯಿಮಾತಿನ ವಿವರಣೆ ಬೇಕಾಗದು. ಪ್ರತಿ ಹುರುಪೆಯ ಬುಡದಲ್ಲಿ ಒತ್ತಿ, ತುದಿಗೆ ಬರುತ್ತ ಕೈ ಹಗುರ ಮಾಡಬೇಕು.

ಬಣ್ಣದ ಹೆಸರುಗಳಿಗೂ ಕಡಲಿಗೆ ಹೋಗಬೇಕಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ಅಮ್ಮಂದಿರು ಕೇಳುವ ರಾಮಾ ಗ್ರೀನ್, ನವಿಲುಕಂಠ, ಗಿಳಿಹಸಿರು, ಆನಂದ ನೀಲಿ, ಈರುಳ್ಳಿ ಬಣ್ಣ, ಬದನೆಕಾಯಿ ಬಣ್ಣ ಇವೆಲ್ಲ ಮತ್ಸ್ಯಕನ್ಯೆಯ ಬಾಲಕ್ಕೆ ಹೇಳಿ ಮಾಡಿಸಿದವು. ನವಿಲುಕಂಠ ಬೇಕಾದರೆ ನೀಲಿಯನ್ನು ಹಗುರವಾಗಿ ಹಾಕಿ, ಅದರ ಮೇಲೆ ಹಸಿರು, ಅಲ್ಲಲ್ಲಿ ಚೂರು ನೇರಳೆ ಕೊಡಿ. ಮೂರು ಪದರ ಬೇಕು, ಮೂರೂ ತೆಳುವಾಗಿರಬೇಕು.

ನೀರು: ಹಲಸೂರು ಕೆರೆಯ ಹಸಿರು

ನೀರೆಂದರೆ ನೀಲಿ ಎಂದು ಪಾಠ ಮಾಡಿದವರು ನಾವೇ. ಎರಡನೇ ಕೆಂಪೇಗೌಡರ ಕಾಲದ್ದೆನ್ನುವ ಹಲಸೂರು ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಿಂತರೆ ಹಸಿರು ಕಾಣುತ್ತದೆ, ಕಂದು ಕಾಣುತ್ತದೆ, ಮೋಡದ ದಿನ ಬೂದು, ಸಂಜೆ ಕಿತ್ತಳೆ. ನಡುಗಡ್ಡೆಗಳ ಮರದ ನೆರಳು ಬಿದ್ದಲ್ಲಿ ಕಡುಹಸಿರು. ಕೆ.ಆರ್. ಪುರದ ವೆಂಗಯ್ಯನ ಕೆರೆಯಲ್ಲೂ ಇದೇ ಆಟ. ಬೆಂಗಳೂರಿನ ಮಗುವಿನ ಮತ್ಸ್ಯಕನ್ಯೆ ಹಲಸೂರು ಕೆರೆಯಲ್ಲಿ ಈಜಲಿ. ಸುತ್ತ ಹವಳ, ನಕ್ಷತ್ರಮೀನುಗಳ ಬದಲು ತಾವರೆ ಎಲೆ, ಹೆಜ್ಜಾರ್ಲೆ, ನೀರುಕಾಗೆ ಬರಲಿ.

ಕಡಲನ್ನೇ ಬರೆಯುವುದಾದರೆ ಒಂದು ಸಂಗತಿ ತಿಳಿದಿರಲಿ. ನೀರಿನೊಳಗೆ ಇಳಿದಂತೆ ಮೊದಲು ಮರೆಯಾಗುವ ಬಣ್ಣ ಕೆಂಪು. ಹತ್ತು ಮೀಟರ್ ಆಳದ ಹೊತ್ತಿಗೆ ಅದು ಬಹುಪಾಲು ಇಲ್ಲವಾಗುತ್ತದೆ. ನೀಲಿ ಬಹಳ ಆಳದವರೆಗೂ ಉಳಿಯುತ್ತದೆ. ಆದ್ದರಿಂದ ಹಾಳೆಯ ಮೇಲ್ಭಾಗಕ್ಕೆ ತಿಳಿಹಸಿರು, ಚೂರು ಹಳದಿ. ಕೆಳಗಿಳಿದಂತೆ ನೀಲಿ, ಕಡುನೀಲಿ, ನೇರಳೆಗಪ್ಪು ಹಾಕಿದರೆ ಆಳದ ಭಾವನೆ ಬರುತ್ತದೆ.

ಹಿನ್ನೆಲೆ ತುಂಬಲು ಮಕ್ಕಳಿಗೆ ಬೇಸರ, ಕೈ ನೋಯುತ್ತದೆ. ಅದಕ್ಕೊಂದು ಉಪಾಯವಿದೆ. ರಾಜಕುಮಾರಿ, ಮೀನು, ನೀರುಗುಳ್ಳೆಗಳಿಗೆಲ್ಲ ಮೇಣದ ಕ್ರೇಯಾನನ್ನು ಒತ್ತಿ ಹಚ್ಚಿ. ಗುಳ್ಳೆಗಳಿಗೆ ಬಿಳಿ ಕ್ರೇಯಾನ್. ಆಮೇಲೆ ನೀರಾಗಿ ಕಲಸಿದ ನೀಲಿ ವಾಟರ್ ಕಲರನ್ನು ಅಗಲ ಬ್ರಶ್ಶಿನಿಂದ ಇಡೀ ಹಾಳೆಯ ಮೇಲೆ ಎಳೆಯಿರಿ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ. ಕಾಣದೇ ಇದ್ದ ಬಿಳಿ ಗುಳ್ಳೆಗಳು ನೀಲಿಯ ನಡುವೆ ಒಂದೊಂದಾಗಿ ಎದ್ದು ಬರುವಾಗ ಮಗುವಿನ ಮುಖ ನೋಡಬೇಕು. ಒದ್ದೆಯಿರುವಾಗಲೇ ಒಂದು ಚಿಟಿಕೆ ಪುಡಿ ಉಪ್ಪು ಉದುರಿಸಿದರೆ ಹರಳುಗಳು ಸುತ್ತಲಿನ ಬಣ್ಣವನ್ನು ಹೀರಿ ನಕ್ಷತ್ರದಂಥ ಗುರುತು ಬಿಡುತ್ತವೆ. ಇದಕ್ಕೆ ದಪ್ಪ ಹಾಳೆಯೇ ಬೇಕು.

ಮೈಬಣ್ಣ

ಈ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಭಾಗ ಇದು. ರಾಜಕುಮಾರಿಯ ಮುಖಕ್ಕೆ ಬಂದಾಗ ನಮ್ಮ ಮಕ್ಕಳ ಕೈ ಪೆಟ್ಟಿಗೆಯಲ್ಲಿ ಒಂದೇ ಕಡ್ಡಿಯನ್ನು ಹುಡುಕುತ್ತದೆ. ನಸುಗುಲಾಬಿ ಬಿಳುಪಿನ ಅದನ್ನು ಮಕ್ಕಳು "ಸ್ಕಿನ್ ಕಲರ್" ಎಂದೇ ಕರೆಯುತ್ತಾರೆ. ಬಣ್ಣ ಹಾಕುತ್ತಿರುವ ಕೈಯ ಚರ್ಮ ಆ ಬಣ್ಣದ್ದಲ್ಲ, ಪಕ್ಕದಲ್ಲಿ ಕುಳಿತ ಅಜ್ಜಿಯದ್ದೂ ಅಲ್ಲ. ಆದರೂ ರಾಜಕುಮಾರಿಗೆ ಅದೇ ಬೇಕು. ಅಮೆರಿಕದಲ್ಲೂ ಇದೇ ತಪ್ಪು ನಡೆದಿತ್ತು. ಕ್ರಯೋಲಾ ಕಂಪನಿ ಇಂಥದೇ ಕಡ್ಡಿಗೆ ಇಟ್ಟಿದ್ದ "ಫ್ಲೆಶ್" ಎಂಬ ಹೆಸರನ್ನು 1962ರಲ್ಲಿ "ಪೀಚ್" ಎಂದು ಬದಲಿಸಿತು. 2020ರಲ್ಲಿ ಜಗತ್ತಿನ ಬೇರೆ ಬೇರೆ ಜನರ ಮೈಬಣ್ಣಗಳ 24 ಕ್ರೇಯಾನುಗಳ ಪೆಟ್ಟಿಗೆಯನ್ನೇ ತಂದಿತು. ಮತ್ಸ್ಯಕನ್ಯೆಯ ಕಥೆಯ 2023ರ ಡಿಸ್ನಿ ಚಲನಚಿತ್ರದಲ್ಲಿ ಕಪ್ಪು ವರ್ಣದ ಗಾಯಕಿ ಹ್ಯಾಲಿ ಬೇಲಿ ಏರಿಯಲ್ ಆದರು. ರಾಣಿಯೂ ರಾಜಕುಮಾರಿಯೂ ಕಪ್ಪಗಿರಬಹುದು ಎಂದು ನಮ್ಮ ಮಹಾಭಾರತ ಎಂದೋ ಹೇಳಿದೆ. ಸತ್ಯವತಿಗೆ ಕಾಳಿ ಎಂಬ ಇನ್ನೊಂದು ಹೆಸರಿದೆ, ದ್ರೌಪದಿ ಕೃಷ್ಣೆ.

ಮನೆಯಲ್ಲಿ ಹೀಗೆ ಮಾಡಿ. ಮಗು ತನ್ನ ಕೈಯನ್ನು ಅಂಗೈ ಕೆಳಗೆ ಮಾಡಿ ಹಾಳೆಯ ಪಕ್ಕ ಇಟ್ಟುಕೊಳ್ಳಲಿ. ಹಳದಿಯನ್ನು ತೆಳುವಾಗಿ ಹಚ್ಚಿ, ಮೇಲೆ ಕಿತ್ತಳೆ, ಮೇಲೆ ಕಂದು. ಹೋಲಿಕೆ ಬರುವವರೆಗೆ ಒಂದು ತುಂಡು ಹಾಳೆಯಲ್ಲಿ ಪ್ರಯತ್ನಿಸಲಿ. ಗೋಧಿಬಣ್ಣಕ್ಕೆ ಹಳದಿ ಹೆಚ್ಚು, ಕಂದು ಕಡಿಮೆ. ರಾಗಿಬಣ್ಣಕ್ಕೆ ಕಂದಿನ ಕೆಳಗೆ ಕೆಂಪು ಇರಬೇಕು, ಅಂಚಿಗೆ ಕಪ್ಪಿನ ಬದಲು ನೇರಳೆ ಅಥವಾ ಕಡುನೀಲಿ ಇರಬೇಕು. ಕಪ್ಪು ಕ್ರೇಯಾನ್ ಬಳಸಿದರೆ ಮುಖ ಕೊಳೆಯಾದಂತೆ ಕಾಣುತ್ತದೆ. ಕೆನ್ನೆಗೆ ಕೆಂಪನ್ನು ಹಚ್ಚಿ ಬೆರಳಿನಿಂದಲೋ ಹತ್ತಿಯಿಂದಲೋ ಒರೆಸಿ. ಕೂದಲಿಗೂ ಹೀಗೆಯೇ: ಕಪ್ಪನ್ನೇ ತುಂಬುವ ಬದಲು ಕಡುನೀಲಿ ಮತ್ತು ಕಂದನ್ನು ಕೂದಲು ಹರಿಯುವ ದಿಕ್ಕಿಗೇ ಎಳೆದು, ನಡುವೆ ಒಂದು ಬಿಳಿಗೆರೆ ಬಿಟ್ಟರೆ ಎಣ್ಣೆ ಹಾಕಿ ಬಾಚಿದ ಹೊಳಪು ಬರುತ್ತದೆ. ಮಲ್ಲಿಗೆ ಮುಡಿಸುವುದು ಮಗುವಿನ ಇಷ್ಟ.

ರಾಜಕುಮಾರಿ ಎಂದು ತಿಳಿಯುವುದು ಹೇಗೆ?

ತಲೆಗೊಂದು ಕಿರೀಟ ಇಟ್ಟುಬಿಡುವುದು ವಾಡಿಕೆ. ಆಂಡರ್ಸನ್ ಬೇರೆ ಗುರುತು ಕೊಟ್ಟಿದ್ದಾನೆ. ಅವನ ಕಥೆಯಲ್ಲಿ ಆರು ಮಂದಿ ಅಕ್ಕತಂಗಿಯರು. ರಾಜಮನೆತನದವಳೆಂದು ತೋರಿಸಲು ಅಜ್ಜಿ ಮೊಮ್ಮಗಳ ಬಾಲಕ್ಕೆ ಎಂಟು ಸಿಂಪಿಗಳನ್ನು ಕಚ್ಚಿಸುತ್ತಾಳೆ. ಅರಮನೆಯ ಗೋಡೆ ಹವಳದ್ದು, ಕಿಟಕಿ ತೃಣಮಣಿಯದ್ದು, ಮಾಡು ತೆರೆದು ಮುಚ್ಚುವ ಚಿಪ್ಪುಗಳದ್ದು. ಒಬ್ಬೊಬ್ಬಳಿಗೂ ಒಂದೊಂದು ಪುಟ್ಟ ತೋಟವಿದೆ. ಕಿರಿಯವಳ ತೋಟ ಸೂರ್ಯನಂತೆ ದುಂಡಗೆ, ಅದರಲ್ಲಿ ಕೆಂಪು ಹೂಗಳು ಮಾತ್ರ. ಬಣ್ಣದ ಪಟ್ಟಿ ಕಥೆಯೊಳಗೇ ಇದೆ: ಹವಳಗೆಂಪು, ಜೇನುಹಳದಿ, ಮುತ್ತಿನ ಬಿಳಿ, ಇವೆಲ್ಲದರ ಹಿಂದೆ ನೀಲಿ. ಕಥೆ ಓದಿ ಹೇಳಿ ಆಮೇಲೆ ಹಾಳೆ ಕೊಟ್ಟರೆ ಬಣ್ಣ ಹಾಕುವ ರೀತಿಯೇ ಬದಲಾಗುತ್ತದೆ.

ಕಪ್ಪು ಗೆರೆಗಳ ನಡುವೆ ಶುದ್ಧ ಬಣ್ಣ ಹೇಗೆ ಬೆಳಗುತ್ತದೆ ಎಂದು ನೋಡಲು ರಸೆಲ್ ಮಾರುಕಟ್ಟೆಯ ಪಕ್ಕದಲ್ಲೇ ಇರುವ ಸೇಂಟ್ ಮೇರಿ ಬೆಸಿಲಿಕಾಗೆ ಹೋಗಿ. ಈಗಿನ ಕಟ್ಟಡ 1882ರಲ್ಲಿ ಪೂರ್ಣಗೊಂಡಿತು. ಅದರ ಬಣ್ಣದ ಗಾಜಿನ ಕಿಟಕಿಗಳಲ್ಲಿ ಗಾಜಿನ ತುಂಡುಗಳನ್ನು ಹಿಡಿದಿಟ್ಟ ಕಪ್ಪು ಪಟ್ಟಿಗಳು ಗೆರೆಹಾಳೆಯ ಗೆರೆಗಳಂತೆಯೇ ಇವೆ. ಅಲ್ಲಿನ ಮಾತೆಯ ಮೂರ್ತಿಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬದ ದಿನಗಳಲ್ಲಿ ಹೋದ ಮಗು ತನ್ನ ರಾಜಕುಮಾರಿಗೂ ಜರಿಯಂಚು ಬರೆದರೆ ಅಚ್ಚರಿಯಿಲ್ಲ. ಮನೆಯಲ್ಲಿ ಗಾಜಿನ ಪರಿಣಾಮ ಬೇಕಾದರೆ ಕ್ರೇಯಾನ್ ಹಾಕಿದ ತೆಳು ಹಾಳೆಯ ಹಿಂಬದಿಗೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಒರೆಸಿ, ಕಿಟಕಿಗೆ ಅಂಟಿಸಿ. ಹಾಳೆ ಅರೆಪಾರದರ್ಶಕವಾಗಿ, ಅದರ ಮೂಲಕ ಬಿಸಿಲು ಹಾಯುತ್ತದೆ.

ಗೆರೆಯನ್ನೂ ನಾವೇ ಬರೆಯೋಣ

ಸಿನಿಮಾದ ಏರಿಯಲ್ ರೂಪಕ್ಕೆ ಕೃತಿಸ್ವಾಮ್ಯವಿದೆ. ಆಂಡರ್ಸನ್ 1875ರಲ್ಲಿ ತೀರಿಕೊಂಡವನು, ಅವನ ಕಥೆ ಎಲ್ಲರದ್ದು. ಮತ್ಸ್ಯಕನ್ಯೆಯ ಕಲ್ಪನೆಯೂ ಎಲ್ಲರದ್ದು. ಆದ್ದರಿಂದ ಶಾಲೆಯ ಮಕ್ಕಳಿಗೆ ಹಂಚಲು ಸ್ವಂತ ಚಿತ್ರವೇ ಲೇಸು.

ಬಾಲದ ತುದಿಗೆ ಅಶ್ವತ್ಥದ ಎಲೆಗಿಂತ ಚೆಂದದ ಅಚ್ಚು ಇಲ್ಲ. ಅಗಲ ಬುಡ, ಸೂಜಿಯಂತೆ ನೀಳವಾದ ತುದಿ. ಕಟ್ಟೆಯ ಕೆಳಗೆ ಉದುರಿದ ಎರಡು ಎಲೆಗಳನ್ನು ತಂದು, ನರಗಳು ಮೇಲೆ ಬರುವಂತೆ ಮಗುಚಿ, ತೊಟ್ಟುಗಳು ಸೇರುವಂತೆ ಓರೆಯಾಗಿ ಇಟ್ಟು, ಮೇಲೆ ತೆಳು ಹಾಳೆ ಹಾಸಿ. ಸಿಪ್ಪೆ ಸುಲಿದ ಕ್ರೇಯಾನನ್ನು ಅಡ್ಡ ಹಿಡಿದು ಹಗುರವಾಗಿ ಉಜ್ಜಿ. ನರಗಳೆಲ್ಲ ಮೂಡಿ ಮೀನಿನ ಬಾಲ ತಾನೇ ಬರುತ್ತದೆ. ಅದಕ್ಕೆ ಸೊಂಟ, ಕೈ, ಮುಖ ಸೇರಿಸಿದರೆ ಮುಗಿಯಿತು. ಮುರಿದ ಕ್ರೇಯಾನನ್ನು ಎಸೆಯಬೇಡಿ. ಮೋಟು ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲವಾದ್ದರಿಂದ ಚಿಕ್ಕ ಮಕ್ಕಳು ಅದನ್ನು ಬೆರಳತುದಿಯಲ್ಲೇ ಹಿಡಿಯುತ್ತಾರೆ. ಬರವಣಿಗೆಗೆ ಬೇಕಾದ ಹಿಡಿತ ಅದೇ. ಮೂರು ವರ್ಷದೊಳಗಿನವರು ತುಂಡುಗಳನ್ನೂ ಸ್ಕೆಚ್ ಪೆನ್ನಿನ ಮುಚ್ಚಳಗಳನ್ನೂ ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲಿ ಕುಳಿತಿರಿ.

ಕಾಂಪೌಂಡಿನ ಶಂಖಪುಷ್ಪ

ಗೆರೆಯಂತೆ ಬಣ್ಣವನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ಕಾಂಪೌಂಡಿಗೆ ಹಬ್ಬಿದ ನೀಲಿ ಶಂಖಪುಷ್ಪದ ಹತ್ತು ಹೂಗಳನ್ನು ಅರ್ಧ ಲೋಟ ಬಿಸಿನೀರಿನಲ್ಲಿ ನೆನೆಸಿ. ಗಾಢ ನೀಲಿ ಸಿಗುತ್ತದೆ. ಅದನ್ನು ಮೂರು ಬಟ್ಟಲಿಗೆ ಹಂಚಿ, ಒಂದಕ್ಕೆ ನಿಂಬೆರಸ ಹಿಂಡಿದರೆ ನೇರಳೆಗುಲಾಬಿ, ಇನ್ನೊಂದಕ್ಕೆ ಅಡುಗೆ ಸೋಡಾ ಸೇರಿಸಿದರೆ ಹಸಿರುನೀಲಿ. ಒಂದೇ ಹೂವಿನಿಂದ ಬಾಲದ ಮೂರು ಬಣ್ಣ! ಅರಿಶಿನದ ನೀರು ಸೋಡಾ ಬಿದ್ದೊಡನೆ ಕೆಂಪಿಗೆ ತಿರುಗುತ್ತದೆ. ಆರತಿಯ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ, ಅಲ್ಲಿ ಸೋಡಾದ ಬದಲು ಸುಣ್ಣ. ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಸೋಡಾ ಸಾಕು. ಈ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ.

ಮುಗಿದ ಹಾಳೆ

ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ತಾರೀಕು, ವಯಸ್ಸು ಬರೆದಿಡಿ. ರಾಜಕುಮಾರಿಗೆ ಮಗು ಇಟ್ಟ ಹೆಸರನ್ನೂ ಬರೆಯಿರಿ. ಕ್ರೇಯಾನ್ ಮತ್ತು ಆಯಿಲ್ ಪೇಸ್ಟಲ್ ಚಿತ್ರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಫೈಲಿಗೂ ಮೆತ್ತಿಕೊಳ್ಳುತ್ತವೆ. ನಡುವೆ ಬಟರ್ ಪೇಪರ್ ಇಟ್ಟು, ಸುರುಳಿ ಸುತ್ತದೆ, ಅಡ್ಡಲಾಗಿ ಮಲಗಿಸಿಡಿ. ಸ್ಕೆಚ್ ಪೆನ್ ಚಿತ್ರವನ್ನು ಗೋಡೆಗೆ ಹಾಕುವುದಾದರೆ ಬಿಸಿಲು ಬೀಳದ ಗೋಡೆ ನೋಡಿ.